ನಡುವಿನ ಎರಡು ಸಿಲಿಂಡರ್‌ಗಳ ಚಿಂತೆ

ಮಂಡಗದ್ದೆಯ ಬಳಿ ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಮಣ್ಣಿನ ಹಾದಿಯಲ್ಲಿ ಒಳಗೆ ಬಂದರೆ ನಮ್ಮ ಮನೆ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹಾದಿಯಲ್ಲಿ ಸಣ್ಣ ಕಾರಿನ ಹೊಟ್ಟೆ ನೆಲಕ್ಕೆ ತಾಗದ ದಿನವಿಲ್ಲ. ಅಮ್ಮನನ್ನು ತಿಂಗಳಿಗೆ ಎರಡು ಸಲ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದ ಮೇಲೆ, 14 ವರ್ಷ ದುಡಿದ ನಮ್ಮ ಹ್ಯಾಚ್‌ಬ್ಯಾಕನ್ನು ಬಿಟ್ಟು, ನೆಲದಿಂದ ತುಸು ಎತ್ತರವಿರುವ, ಅಮ್ಮ ಬಗ್ಗದೆ ಹತ್ತಿ ಇಳಿಯಬಹುದಾದ ಕ್ರಾಸ್‌ಓವರ್ ಒಂದನ್ನು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಕೊಳೆರೋಗ ಅಡಿಕೆಯ ದೊಡ್ಡ ಪಾಲನ್ನು ನುಂಗಿದ ವರ್ಷದಲ್ಲಿ ಹೊಸ ಗಾಡಿಗೆ ಸಾಲ ಮಾಡುವ ಧೈರ್ಯ ನನಗಿರಲಿಲ್ಲ. ಹೀಗಾಗಿ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಹುಡುಕಲು ಹೊರಟೆ.

ಘಟ್ಟದಲ್ಲಿ ಏದುಸಿರು ಬಿಡದ ಪೆಟ್ರೋಲ್ ಎಂಜಿನ್ ಬೇಕೆಂಬ ಕಾರಣಕ್ಕೆ ನನ್ನ ಪಟ್ಟಿ ಕೊನೆಗೆ 1.5 ಲೀಟರ್ ಟರ್ಬೊ ಎಂಜಿನ್‌ಗಳಿಗೆ ಬಂದು ನಿಂತಾಗ, ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ಫೋನ್ ಮಾಡಿ, "ಆ ಎಂಜಿನ್ ಓಡುವಾಗಲೇ ಎರಡು ಸಿಲಿಂಡರ್ ಬಂದ್ ಮಾಡಿಕೊಳ್ಳುತ್ತದೆ, ಹಳೆಯದನ್ನು ಮಾತ್ರ ತಗೋಬೇಡ, ಅಮೆರಿಕದಲ್ಲಿ ಅಂಥ ಎಂಜಿನ್‌ಗಳೆಲ್ಲ ಕೆಟ್ಟು ಕೋರ್ಟಿಗೆ ಹೋಗಿವೆ" ಎಂದು ಎಚ್ಚರಿಸಿದ. ಅವನ ಮಾತಿನಲ್ಲಿ ನಿಜವೂ ಇತ್ತು, ಬೇರೆ ಬೇರೆ ಸಂಗತಿಗಳು ಒಂದರಲ್ಲೊಂದು ಕಲಸಿಕೊಂಡೂ ಇದ್ದವು. ಅವನ್ನು ಬಿಡಿಸಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ನಮ್ಮ ಕಡೆಯ ರಸ್ತೆಗಳಲ್ಲಿ ಗಾಡಿ ಓಡಿಸುವ, ಇಂಥದೇ ಗಾಡಿಯ ಮುಂದೆ ನಿಂತು ಯೋಚಿಸುತ್ತಿರುವ ಯಾರಿಗಾದರೂ ನೆರವಾದೀತೆಂದು ಕಂಡದ್ದನ್ನು ಬರೆಯುತ್ತಿದ್ದೇನೆ.

ಪೆಟ್ರೋಲ್ ಎಂಜಿನ್ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ಅದರ ಥ್ರಾಟಲ್, ಅಂದರೆ ಗಾಳಿ ಒಳಹೋಗುವ ದಾರಿಯ ಬಾಗಿಲು, ಬಹುಪಾಲು ಮುಚ್ಚಿಯೇ ಇರುತ್ತದೆ. ಆ ಕಿರಿದಾದ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳುವುದಕ್ಕೇ ಎಂಜಿನ್ ತನ್ನ ಶಕ್ತಿಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಹಳ್ಳಕ್ಕೆ ಇಳಿಸಿದ ಪಂಪ್‌ಸೆಟ್ಟಿನ ಫುಟ್‌ವಾಲ್ವಿಗೆ ತರಗೆಲೆ ಕಚ್ಚಿಕೊಂಡಾಗ ನೀರೆಳೆಯಲು ಅದು ಒದ್ದಾಡುವ ಸದ್ದನ್ನು ತೋಟವಿರುವವರೆಲ್ಲ ಕೇಳಿರುತ್ತಾರೆ. ಇಲ್ಲಿನ ಒದ್ದಾಟವೂ ಅದೇ ಬಗೆಯದು. ನಾಲ್ಕರಲ್ಲಿ ಎರಡು ಸಿಲಿಂಡರ್‌ಗಳನ್ನು ಕೆಲಸದಿಂದ ಬಿಡಿಸಿದರೆ ಉಳಿದ ಎರಡು ಹೆಚ್ಚು ದುಡಿಯಬೇಕಾಗುತ್ತದೆ. ಅದಕ್ಕಾಗಿ ಥ್ರಾಟಲ್ ಅಗಲವಾಗಿ ತೆರೆಯುತ್ತದೆ, ಎಳೆತದ ನಷ್ಟ ತಗ್ಗುತ್ತದೆ, ಅಷ್ಟು ಪೆಟ್ರೋಲ್ ಉಳಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಇಡೀ ಎಂಜಿನ್ ಆರುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆಯೇ ಬೇರೆ, ಇದೇ ಬೇರೆ. ಗಾಡಿ ತೋರಿಸಲು ಬಂದ ಇಬ್ಬರು ಮಧ್ಯವರ್ತಿಗಳು ಎರಡನ್ನೂ ಒಂದೆಂದೇ ನನಗೆ ವಿವರಿಸಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕೆಲಸ ನಿಲ್ಲಿಸಿದ ಸಿಲಿಂಡರಿನಲ್ಲಿಯೂ ಪಿಸ್ಟನ್ ಮೇಲೆ ಕೆಳಗೆ ಓಡುತ್ತಲೇ ಇರುತ್ತದೆ. ಪೆಟ್ರೋಲ್ ಮತ್ತು ಕಿಡಿ ನಿಲ್ಲುತ್ತವೆ, ಗಾಳಿ ಒಳಗೆ ಬರುವ ಮತ್ತು ಹೊಗೆ ಹೊರಗೆ ಹೋಗುವ ಎರಡೂ ಕಡೆಯ ವಾಲ್ವುಗಳು ಮುಚ್ಚಿಯೇ ಉಳಿಯುತ್ತವೆ, ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತಿರುತ್ತದೆ. ನಾಲ್ಕು ಸಿಲಿಂಡರ್‌ಗಳ ಎಂಜಿನ್ 1-3-4-2 ಎಂಬ ಕ್ರಮದಲ್ಲಿ ಉರಿಯುವುದರಿಂದ, ನಡುವಿನ 2 ಮತ್ತು 3ನೆಯದನ್ನು ನಿಲ್ಲಿಸಿದರೆ ಅಂಚಿನ 1 ಮತ್ತು 4 ಸಮ ಅಂತರದಲ್ಲಿ, ಒಂದು ಸುತ್ತಿಗೆ ಒಮ್ಮೆ ಉರಿಯುತ್ತವೆ. ನಡುಕ ಇದ್ದೇ ಇರುತ್ತದೆ, ಆದರೆ ತಾಳ ತಪ್ಪುವುದಿಲ್ಲ.

ವಾಲ್ವುಗಳನ್ನು ಮುಚ್ಚಿಡುವುದು ಹೇಗೆ ಎಂಬ ಪ್ರಶ್ನೆಯಲ್ಲಿಯೇ ನನ್ನ ದೊಡ್ಡಪ್ಪನ ಮಗನ ಭಯದ ಮೂಲವಿದೆ. ಅಮೆರಿಕದಲ್ಲಿ ಹೆಚ್ಚು ದೂರು ಕೇಳಿಬಂದ ಎಂಜಿನ್‌ಗಳಲ್ಲಿ ಈ ಕೆಲಸವನ್ನು ಎಂಜಿನ್ ಆಯಿಲ್‌ನ ಒತ್ತಡದಿಂದಲೇ ಮಾಡಿಸುತ್ತಾರೆ. ಜನರಲ್ ಮೋಟರ್ಸ್‌ನ ಎಂಟು ಸಿಲಿಂಡರ್‌ಗಳ ವಿ8 ಎಂಜಿನ್‌ಗಳಲ್ಲಿ ವಾಲ್ವನ್ನು ಎತ್ತುವ ಲಿಫ್ಟರಿನೊಳಗೆ ಸಣ್ಣ ಪಿನ್ನುಗಳಿವೆ. ಆಯಿಲ್ ಒತ್ತಿದಾಗ ಅವು ಸರಿದು ಲಿಫ್ಟರ್ ಕುಸಿಯುತ್ತದೆ, ವಾಲ್ವು ಏಳುವುದಿಲ್ಲ. ಆಯಿಲ್ ಕೊಳೆತಿದ್ದರೆ ಪಿನ್ನು ಅಂಟಿಕೊಳ್ಳುತ್ತದೆ, ಕುಸಿದ ಲಿಫ್ಟರ್ ಮತ್ತೆ ಏಳುವುದಿಲ್ಲ, ಕೊನೆಗೆ ತನ್ನ ಉಬ್ಬುಗಳಿಂದ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಎಂಬ ದಂಡ ಕೂಡ ಸವೆಯುತ್ತದೆ. ಹೋಂಡಾದ ವಿ6 ಎಂಜಿನ್‌ಗಳಲ್ಲಿ ತೊಂದರೆ ಇನ್ನೊಂದು ಬಗೆಯದಾಗಿತ್ತು. ವಾಲ್ವು ಮುಚ್ಚಿದ ಸಿಲಿಂಡರಿನಲ್ಲಿ ಸಿಕ್ಕಿಬಿದ್ದ ಗಾಳಿ ನಿಧಾನವಾಗಿ ಪಿಸ್ಟನ್ ಸುತ್ತಲಿನ ರಿಂಗುಗಳ ಸಂದಿಯಿಂದ ಸೋರಿಹೋದ ಮೇಲೆ ಪಿಸ್ಟನ್ ಕೆಳಗಿಳಿಯುವಾಗ ಒಳಗೆ ನಿರ್ವಾತ ಉಂಟಾಗಿ, ಅದು ಕೆಳಗಿನ ಆಯಿಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ಬೆಂಕಿಯಿಲ್ಲದ ಕಾರಣ ಆಯಿಲ್ ಉರಿಯದೆ ಪ್ಲಗ್ಗಿನ ಮೇಲೆ ಕೂರುತ್ತದೆ, ಆಮೇಲೆ ಆ ಸಿಲಿಂಡರ್ ಕೆಲಸಕ್ಕೆ ಮರಳಿದಾಗ ಮಿಸ್‌ಫೈರ್ ಆಗುತ್ತದೆ, ಅಂದರೆ ಪೆಟ್ರೋಲ್ ಸರಿಯಾಗಿ ಹತ್ತಿಕೊಳ್ಳುವುದಿಲ್ಲ. 2008ರಿಂದ 2013ರವರೆಗಿನ ಕೆಲವು ಮಾದರಿಗಳ ಬಗ್ಗೆ ಅಮೆರಿಕದಲ್ಲಿ ನಡೆದ ಮೊಕದ್ದಮೆ 2013ರಲ್ಲಿ ರಾಜಿಯಾಗಿ, ಕಂಪನಿ ವಾರಂಟಿಯ ಅವಧಿಯನ್ನು ವಿಸ್ತರಿಸಿತು. ಮಾಜ್ದಾ 2018ರಲ್ಲಿ ತನ್ನ 2.5 ಲೀಟರ್ ಎಂಜಿನ್‌ಗೆ ಈ ವ್ಯವಸ್ಥೆಯನ್ನು ತಂದು, ಮರುವರ್ಷವೇ ಸಿಎಕ್ಸ್-5 ಸೇರಿದಂತೆ ಅಮೆರಿಕದಲ್ಲಿ ಸುಮಾರು 2,62,000 ಗಾಡಿಗಳನ್ನು ಹಿಂದಕ್ಕೆ ಕರೆಸಿ ಸಾಫ್ಟ್‌ವೇರ್ ತಿದ್ದಬೇಕಾಯಿತು. ಇನ್ನೂ ಹಿಂದೆ ಹೋದರೆ, 1981ರ ಕ್ಯಾಡಿಲಾಕ್ ವಿ8-6-4 ಎಂಜಿನ್ ಇದೇ ಕನಸನ್ನು ಅಂದಿನ ನಿಧಾನಗತಿಯ ಕಂಪ್ಯೂಟರ್‌ನಿಂದ ನನಸಾಗಿಸಲು ಹೋಗಿ ಸೋತಿತ್ತು; ಅನೇಕ ಮಾಲೀಕರು ಅದರ ವೈರನ್ನೇ ಕಳಚಿಸಿ ಎಂಟು ಸಿಲಿಂಡರ್‌ಗಳಲ್ಲಿಯೇ ಓಡಿಸಿದರು.

ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಸಿಗುವ ಕ್ರಾಸ್‌ಓವರ್‌ಗಳ ಕತೆ ಇವುಗಳದ್ದಲ್ಲ. 2021ರಲ್ಲಿ ಬಂದ ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್‌ಗಳ 1.5 ಟಿಎಸ್‌ಐ ಎಂಜಿನ್, ಅವಕ್ಕಿಂತ ಮುಂಚೆ 2020ರಲ್ಲಿ ಆಮದಾಗಿ ಬಂದ ಟಿ-ರಾಕ್ ಮತ್ತು ಕರೋಕ್‌ಗಳ ಎಂಜಿನ್, ಇವುಗಳಲ್ಲಿ ಸಿಲಿಂಡರ್ ನಿಲ್ಲಿಸುವ ಎಸಿಟಿ ಎಂಬ ವ್ಯವಸ್ಥೆ ಆಯಿಲ್ ಒತ್ತಡವನ್ನು ನೆಚ್ಚಿಕೊಂಡಿಲ್ಲ. ಕ್ಯಾಮ್‌ಶಾಫ್ಟಿನ ಮೇಲೆ ಅಕ್ಕಪಕ್ಕಕ್ಕೆ ಜಾರುವ ತೋಳುಗಳಿದ್ದು, ವಿದ್ಯುತ್ ಕಾಂತದಿಂದ ಹೊರಬರುವ ಪಿನ್ನು ಆ ತೋಳಿನ ಸುರುಳಿಯಾಕಾರದ ತೋಡಿಗೆ ಇಳಿದಾಗ ತೋಳು ಸರಿದು, ಉಬ್ಬಿಲ್ಲದ ನುಣುಪು ಕ್ಯಾಮ್ ವಾಲ್ವಿನ ಮೇಲೆ ಬಂದು ನಿಲ್ಲುತ್ತದೆ. ಇಷ್ಟೆಲ್ಲ ನಡೆಯಲು ಎಂಜಿನ್ ವೇಗಕ್ಕೆ ತಕ್ಕಂತೆ 13ರಿಂದ 36 ಮಿಲಿಸೆಕೆಂಡ್ ಸಾಕು. ಹಾಗಾಗಿ ಅಮೆರಿಕದ ವಿ8ರ ಲಿಫ್ಟರ್ ಕುಸಿತದ ಭಯವನ್ನು ಇದರ ಮೇಲೆ ಹೇರುವುದು ನ್ಯಾಯವಲ್ಲ. ಆದರೆ ಮುಚ್ಚಿದ ಸಿಲಿಂಡರಿನ ನಿರ್ವಾತ, ರಿಂಗುಗಳ ಮೂಲಕ ಏರುವ ಆಯಿಲ್, ಮಸಿಯಾಗುವ ಪ್ಲಗ್ಗು, ಇವುಗಳ ಸಾಧ್ಯತೆ ಯಾವ ಬಗೆಯ ವ್ಯವಸ್ಥೆಯಲ್ಲಿಯೂ ಪೂರ್ತಿ ಇಲ್ಲವಾಗುವುದಿಲ್ಲ. ನನ್ನ ಹುಡುಕಾಟ ಇದರಿಂದ ಒಂದು ಗುರಿಗೆ ಬಂದು ನಿಂತಿತು: ಗಾಡಿಯಲ್ಲಿ ಈ ವ್ಯವಸ್ಥೆ ಇದೆಯೇ ಎಂದು ಕೇಳಿ ಹಿಂಜರಿಯುವ ಬದಲು, ನಡುವಿನ ಎರಡು ಸಿಲಿಂಡರ್‌ಗಳು ಅಂಚಿನ ಎರಡರಂತೆಯೇ ಆರೋಗ್ಯವಾಗಿವೆಯೇ ಎಂದು ನೋಡಬೇಕು.

ಇಲ್ಲೊಂದು ಸಣ್ಣ ಎಚ್ಚರಿಕೆ ಇದೆ. ಕುಶಾಕ್ ಮತ್ತು ಟೈಗುನ್‌ಗಳು 1.0 ಲೀಟರ್‌ನ ಮೂರು ಸಿಲಿಂಡರ್ ಎಂಜಿನ್‌ನಲ್ಲಿಯೂ ಬಂದಿವೆ, ಅವುಗಳಲ್ಲಿ ಈ ವ್ಯವಸ್ಥೆ ಇಲ್ಲ. ಹಿಂಬದಿಯ ಬಾಗಿಲ ಮೇಲಿನ ಅಕ್ಷರಗಳನ್ನು ನಂಬದೆ ಆರ್‌ಸಿಯಲ್ಲಿ 999 ಸಿಸಿ ಎಂದಿದೆಯೋ 1498 ಸಿಸಿ ಎಂದಿದೆಯೋ ನೋಡಿಕೊಳ್ಳಿ.

ಇನ್ನು ಈ ವ್ಯವಸ್ಥೆಯಿಂದ ಮಲೆನಾಡಿನವರಿಗೆ ಸಿಗುವುದೆಷ್ಟು ಎಂಬ ಲೆಕ್ಕ. ಫೋಕ್ಸ್‌ವ್ಯಾಗನ್ 2012ರಲ್ಲಿ ತನ್ನ 1.4 ಲೀಟರ್ ಎಂಜಿನ್‌ಗೆ ಇದನ್ನು ಅಳವಡಿಸಿದಾಗ, ಯುರೋಪಿನ ಅಂದಿನ ಪರೀಕ್ಷೆಯ ಪ್ರಕಾರ 100 ಕಿಲೋಮೀಟರಿಗೆ 0.4 ಲೀಟರ್ ಉಳಿಯುತ್ತದೆ ಎಂದು ಹೇಳಿಕೊಂಡಿತ್ತು. ಅಷ್ಟೇ ಉಳಿತಾಯ ನಮಗೂ ಸಿಕ್ಕಿತೆಂದುಕೊಂಡರೂ ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವರಿಗೆ 40 ಲೀಟರ್, ಲೀಟರಿಗೆ 100 ರೂಪಾಯಿಯಂತೆ ಹಿಡಿದರೆ 4,000 ರೂಪಾಯಿ ಉಳಿಯುತ್ತದೆ. ಅದೂ ಎಂಜಿನ್ ಬಿಸಿಯಾಗಿ, 1400 ಆರ್‌ಪಿಎಂಗಿಂತ ಮೇಲೆ, ಹೊರೆ ಕಡಿಮೆ ಇರುವಾಗ ಮಾತ್ರ. ಕರಾವಳಿಯಿಂದ ಬರುತ್ತ ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಹತ್ತುವಾಗಲಾಗಲಿ, ಹುಲಿಕಲ್ ಘಾಟಿಯಲ್ಲಾಗಲಿ ಎರಡು ಸಿಲಿಂಡರ್‌ಗಳಿಗೆ ಬಿಡುವು ಕೊಡುವ ಸಂದರ್ಭವೇ ಬರುವುದಿಲ್ಲ. ಇಳಿಯುವಾಗ ಕಾಲು ತೆಗೆದರೆ ಎಲ್ಲ ಸಿಲಿಂಡರ್‌ಗಳಿಗೂ ಪೆಟ್ರೋಲ್ ನಿಲ್ಲುವುದು ಇಂದಿನ ಎಲ್ಲ ಇಂಜೆಕ್ಷನ್ ಎಂಜಿನ್‌ಗಳಲ್ಲಿಯೂ ಇರುವ ಗುಣ, ಅದಕ್ಕೂ ಇದಕ್ಕೂ ನಂಟಿಲ್ಲ. ಶಿವಮೊಗ್ಗದಿಂದ ಹೊನ್ನಾಳಿಯ ಕಡೆ, ಗದ್ದೆಗಳ ನಡುವಿನ ಸಮತಟ್ಟಾದ ರಸ್ತೆಯಲ್ಲಿ ಇದು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆದ್ದರಿಂದ ಈ ವ್ಯವಸ್ಥೆ ಇದೆಯೆಂದು ಹೆಚ್ಚು ಬೆಲೆ ಕೇಳುವ ಮಾರಾಟಗಾರನಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡಲು ಸಿದ್ಧನಿರಲಿಲ್ಲ.

ನಾನು ನೋಡಿದ ಮೊದಲ ಗಾಡಿ ಶಿವಮೊಗ್ಗ ನಗರದ್ದು, ಕೆಎ-14 ನೋಂದಣಿ, ಓಡಿದ್ದು ಬರೀ 24,000 ಕಿಲೋಮೀಟರ್. ಬಣ್ಣ ಮಾಸಿರಲಿಲ್ಲ, ಸೀಟಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಎಂದು ಒಂದು ಸಲಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿದ ಗಾಡಿ ಎಂದು ಮಾರುವವರೇ ಹೆಮ್ಮೆಯಿಂದ ಹೇಳಿದರು. ಆ ಮಾತೇ ನನ್ನನ್ನು ಯೋಚನೆಗೆ ಹಚ್ಚಿತು. ಅಷ್ಟು ದೂರದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಉರಿಯದ ಪೆಟ್ರೋಲ್ ಮತ್ತು ಮಳೆಗಾಲದ ತೇವ ಆಯಿಲ್‌ಗೆ ಸೇರುತ್ತವೆ, ಬಿಸಿಯಾಗದಿದ್ದರೆ ಅವು ಆವಿಯಾಗಿ ಹೊರಹೋಗುವುದಿಲ್ಲ. ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ನೋಡಿದರೆ ಅದರ ಒಳಬದಿಯಲ್ಲಿ ಕೆನೆಯಂಥ ಬಿಳಿ ಪಸೆ ಅಂಟಿತ್ತು. ಸರ್ವಿಸ್ ಪುಸ್ತಕದಲ್ಲಿ ಒಂದೂವರೆ ವರ್ಷದ ಅಂತರ ಕಾಣುತ್ತಿತ್ತು. ಕಿಲೋಮೀಟರ್ ಆಗಿರಲಿಲ್ಲವಲ್ಲ, ಅದಕ್ಕೇ ಆಯಿಲ್ ಬದಲಿಸಲಿಲ್ಲ ಎಂಬುದು ಅವರ ಉತ್ತರ. ಆಯಿಲ್ ಕಿಲೋಮೀಟರಿನಿಂದ ಹಳತಾಗುವಂತೆ ತಿಂಗಳುಗಳಿಂದಲೂ ಹಳತಾಗುತ್ತದೆ ಎಂಬುದನ್ನು ನಮ್ಮ ಕಡೆ ಅನೇಕರು ಗಮನಿಸುವುದಿಲ್ಲ, ಇದು ನನಗೆ ನಿಜವಾಗಿಯೂ ಬೇಸರದ ವಿಷಯ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ನನ್ನ ಪರಿಚಯದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿದಾಗ ಒಂದು ದೋಷದ ಕೋಡ್ ಕೂಡ ಇರಲಿಲ್ಲ. ನಾನಾಗಿದ್ದರೆ ಅಷ್ಟಕ್ಕೇ ತೃಪ್ತಿಪಡುತ್ತಿದ್ದೆ. ಅವರು ಮಾತ್ರ ಇನ್ನೊಂದು ಸಾಲನ್ನು ತೆರೆದು ತೋರಿಸಿದರು: ಕೋಡ್‌ಗಳನ್ನು ಅಳಿಸಿದ ಮೇಲೆ ಓಡಿದ ದೂರ 6 ಕಿಲೋಮೀಟರ್. ಎಂಜಿನ್ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳಲ್ಲಿ ಹೆಚ್ಚಿನವು ಇನ್ನೂ ಪೂರ್ಣಗೊಂಡಿರಲಿಲ್ಲ. ಅಂದರೆ ನಾವು ಬರುವ ಮುಂಚೆ ಯಾರೋ ಎಲ್ಲವನ್ನೂ ಒರೆಸಿ ಇಟ್ಟಿದ್ದರು. ಬ್ಯಾಟರಿ ಬದಲಿಸಿದೆವು ಎಂಬ ವಿವರಣೆ ಬಂತು, ಬ್ಯಾಟರಿಯ ಮೇಲಿನ ಧೂಳು ಹಾಗೆ ಹೇಳುತ್ತಿರಲಿಲ್ಲ. ಪ್ಲಗ್ ಬಿಚ್ಚಿ ನೋಡಬಹುದೇ ಎಂದು ಕೇಳಿದೆ, ಒಪ್ಪಲಿಲ್ಲ. ಅಲ್ಲಿಗೆ ಆ ಗಾಡಿಯ ಮಾತು ಮುಗಿಯಿತು. ಅಮ್ಮನಿಗೆ ಅದರ ಬಣ್ಣ ತುಂಬ ಇಷ್ಟವಾಗಿತ್ತು. ಬೇಡವೆಂದು ಹೇಳುವಾಗ ನನಗೂ ಕಷ್ಟವಾಯಿತು.

ಎರಡನೆಯದು ದಾವಣಗೆರೆಯಲ್ಲಿ ಸಿಕ್ಕಿತು. 62,000 ಕಿಲೋಮೀಟರ್ ಓಡಿದ ಗಾಡಿ. ಮಾಲೀಕರು ಕೆಲಸದ ಮೇಲೆ ವಾರಕ್ಕೊಮ್ಮೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗಿ ಬರುವವರು. ಮನೆಯವರೆಲ್ಲ 24,000ದ ಮುಂದೆ 62,000 ಕೇಳಿ ಮುಖ ಸಣ್ಣದು ಮಾಡಿದರು. ನನ್ನ ಎಣಿಕೆ ಬೇರೆಯಾಗಿತ್ತು: ಗಂಟೆಗಟ್ಟಲೆ ಹದವಾಗಿ ಬಿಸಿಯಾಗಿ ಓಡಿದ ಎಂಜಿನ್, ಎರಡು ಸಿಲಿಂಡರ್ ವ್ಯವಸ್ಥೆಯ ಮಟ್ಟಿಗೆ, ದಿನವೂ ತಣ್ಣಗೆ ಎದ್ದು ತಣ್ಣಗೇ ಮಲಗಿದ ಎಂಜಿನ್‌ಗಿಂತ ಹೆಚ್ಚು ನಂಬಿಕೆಗೆ ಅರ್ಹ. ಜೊತೆಗೆ, ಹೆದ್ದಾರಿಯಲ್ಲಿ ಆ ವ್ಯವಸ್ಥೆ ಸಾವಿರಾರು ಸಲ ಬಂದ್ ಆಗಿ ತೆರೆದಿರುತ್ತದೆ. ಅದರಲ್ಲಿ ದೋಷವಿದ್ದರೆ ಇಷ್ಟರಲ್ಲಿ ಹೊರಬಿದ್ದಿರಬೇಕು.

ಬೆಳಿಗ್ಗೆ ಏಳಕ್ಕೆ ಮುಂಚೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡಿದ್ದೆವು. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿರುವುದನ್ನು ನೋಡಿಕೊಂಡು ಮೊದಲ ಸ್ಟಾರ್ಟ್ ಅನ್ನು ಹಿಂದೆ ನಿಂತು ನೋಡಿದೆ. ನೀಲಿ ಹೊಗೆ ಬರಲಿಲ್ಲ, ಟಕಟಕ ಸದ್ದೂ ಇರಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತಿಗಿಂತ ಸ್ವಲ್ಪವೇ ಕೆಳಗಿತ್ತು. ಹಿಂದಿನ ಸರ್ವಿಸ್ ಆಗಿ 7,000 ಕಿಲೋಮೀಟರ್ ಕಳೆದಿತ್ತು, ನಡುವೆ ಆಯಿಲ್ ಹಾಕಿಸಿಲ್ಲ ಎಂದು ಅವರು ಹೇಳಿದರು. ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದ ಮೇಲಿನ ದೂರ ಸಾವಿರಗಳಲ್ಲಿತ್ತು, ಮಾನಿಟರ್‌ಗಳೆಲ್ಲ ಪೂರ್ಣಗೊಂಡಿದ್ದವು, ಪ್ರತಿ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ಸೊನ್ನೆ. ಇಲ್ಲಿ ಹುಡುಕಬೇಕಾದ ಕೋಡ್‌ಗಳು ಪಿ0302 ಮತ್ತು ಪಿ0303, ಅಂದರೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಮಿಸ್‌ಫೈರ್. ನಾಲ್ಕರಲ್ಲಿ ಸರಿಯಾಗಿ ಇವೆರಡೇ ಕಾಣಿಸಿಕೊಂಡರೆ ಅದನ್ನು ಕಾಕತಾಳೀಯ ಎಂದು ತಳ್ಳಿಹಾಕಬಾರದು.

ಮುಖ್ಯ ಕೆಲಸ ಪ್ಲಗ್ಗುಗಳದ್ದು. ಪ್ರತಿ ಪ್ಲಗ್ಗಿನ ಮೇಲೂ ಕೂತಿರುವ ಇಗ್ನಿಷನ್ ಕಾಯಿಲನ್ನು ಎಳೆದು ತೆಗೆದು, ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಅವು ಇದ್ದ ಕ್ರಮದಲ್ಲಿಯೇ ಒಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಒಂದೊಂದು ಪ್ಲಗ್ಗನ್ನು ಬೇರೆಯಾಗಿ ನೋಡಿದರೆ ನನ್ನಂಥವನಿಗೆ ಏನೂ ತಿಳಿಯುವುದಿಲ್ಲ. ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟಾಗ ಕಣ್ಣೇ ಹೋಲಿಸುತ್ತದೆ. ನಡುವಿನ ಎರಡು ಎಣ್ಣೆಯಿಂದ ಒದ್ದೆಯಾಗಿಯೋ ಕರ್ರಗೆ ಮಸಿ ಹಿಡಿದೋ ಇದ್ದು, ಅಂಚಿನ ಎರಡು ತಿಳಿ ಕಂದಾಗಿದ್ದರೆ ಅಲ್ಲಿಂದ ಎದ್ದು ಬರಬೇಕು. ಇಲ್ಲಿ ನಾಲ್ಕೂ ಒಣಗಿದ ಅಡಿಕೆ ಸಿಪ್ಪೆಯ ತಿಳಿ ಬಣ್ಣದಲ್ಲಿದ್ದವು. ಅದೇ ತೂತುಗಳಲ್ಲಿ ಗೇಜ್ ಇಟ್ಟು ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ, ಕೂಡ ನೋಡಿದೆವು. ನಾಲ್ಕರ ನಡುವೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಇದಕ್ಕೆಲ್ಲ ಅರ್ಧ ದಿನ ಹೋಯಿತು. ಮಾಲೀಕರು ತಾಳ್ಮೆಯಿಂದ ಕಾಫಿ ಕೊಟ್ಟು ಪಕ್ಕದಲ್ಲಿಯೇ ಕೂತಿದ್ದರು, ಅದೂ ನನ್ನ ನಂಬಿಕೆಯನ್ನು ಹೆಚ್ಚಿಸಿತು.

ಆಮೇಲೆ ಹೆದ್ದಾರಿಗೆ ತಂದು, ಎಂಜಿನ್ ಬಿಸಿಯಾದ ಮೇಲೆ, 70 ಕಿಲೋಮೀಟರ್ ವೇಗದಲ್ಲಿ ಕಾಲನ್ನು ಅಲುಗಿಸದೆ ಹಿಡಿದೆ. ಮೀಟರಿನಲ್ಲಿ ಎರಡು ಸಿಲಿಂಡರ್‌ಗಳ ಸೂಚನೆ ಹತ್ತಿತು. ಬದಲಾವಣೆ ಕಾಲಿಗೆ ತಿಳಿಯಲಿಲ್ಲ; ಕಿವಿಗೊಟ್ಟರೆ ಮಾತ್ರ ಸದ್ದು ಒಂದು ಮಟ್ಟ ಕೆಳಗಿಳಿದು ಗುಂಯ್‌ಗುಟ್ಟುವುದು ಕೇಳುತ್ತಿತ್ತು. ಕಾಲನ್ನು ಮೆಲ್ಲಗೆ ಒತ್ತಿ ಬಿಟ್ಟು ಇಪ್ಪತ್ತು ಸಲವಾದರೂ ಆ ಸೂಚನೆ ಹತ್ತಿ ಆರುವಂತೆ ಮಾಡಿದೆ. ಹತ್ತುವಾಗ ಅಥವಾ ಆರುವಾಗ ಗಾಡಿ ಜಗ್ಗಿದರೆ, ಸ್ಟೀರಿಂಗಿನಲ್ಲಿ ನಡುಕ ಬಂದರೆ, ಮೊದಲು ಎಂಜಿನ್ನನ್ನು ಹಿಡಿದಿಡುವ ಮೌಂಟುಗಳನ್ನು ನೋಡಬೇಕೆಂದು ಮೆಕ್ಯಾನಿಕ್ ಹೇಳಿದ್ದರು, ಅದರ ಅಗತ್ಯ ಬೀಳಲಿಲ್ಲ. ಸೂಚನೆ ಒಮ್ಮೆಯೂ ಹತ್ತದಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ. ಯಾರೋ ಲ್ಯಾಪ್‌ಟಾಪ್ ಹಿಡಿದು ಅದನ್ನು ಆಫ್ ಮಾಡಿದ್ದಾರೆಯೇ, ಏಕೆ ಮಾಡಿದರು ಎಂದು ಕೇಳಬೇಕಾಗುತ್ತದೆ.

ಆಫ್ ಮಾಡಿಸುವ ವಿಷಯವನ್ನು ನಾನೂ ಯೋಚಿಸಿದ್ದೆ. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ಕಂಪ್ಯೂಟರ್‌ಗೆ ಸುಳ್ಳು ಹೇಳಿ ಎಲ್ಲ ಸಿಲಿಂಡರ್‌ಗಳನ್ನೂ ಓಡಿಸುವ ಸಾಧನಗಳನ್ನು ಅಮೆರಿಕದಲ್ಲಿ ಹೋಂಡಾ ಮಾಲೀಕರು ಹಾಕಿಸಿಕೊಳ್ಳುತ್ತಾರೆ. ಆದರೆ ಸರಿಯಿರುವ ಎಂಜಿನ್‌ಗೆ ತಾಪದ ವಿಷಯದಲ್ಲಿ ಸುಳ್ಳು ಮಾಹಿತಿ ಕೊಟ್ಟು, ಫ್ಯಾನು ಮತ್ತು ಪೆಟ್ರೋಲಿನ ಲೆಕ್ಕವನ್ನೆಲ್ಲ ಅದರ ಮೇಲೆ ನಡೆಯಲು ಬಿಡುವುದು ನನಗೆ ಸರಿಕಾಣಲಿಲ್ಲ.

ಟೈಮಿಂಗ್ ಬೆಲ್ಟ್, ಗೇರ್‌ಬಾಕ್ಸ್, ಟರ್ಬೊ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30, ವಿಮೆ, ಇವೆಲ್ಲ ಯಾವ ಹಳೆಯ ಗಾಡಿಗೂ ಇರುವ ವಿಚಾರಗಳು. ಮಲೆನಾಡಿನವರಿಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ: ಬಾನೆಟ್ ತೆರೆದಾಗ ವೈರುಗಳನ್ನು ಇಲಿ ಕಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಕ್ಯಾಮ್ ಸರಿಸುವ ಆ ಕಾಂತಗಳಿಗೆ ಹೋಗುವ ವೈರು ತುಂಡಾದರೂ ವ್ಯವಸ್ಥೆಯೇ ಕೆಟ್ಟಿದೆಯೆಂದು ತೋರುತ್ತದೆ. ಅಡಿಕೆ ಒಣಗುವ ಅಂಗಳದ ಪಕ್ಕದಲ್ಲಿ ನಿಲ್ಲುವ ಗಾಡಿಗೆ ಇಲಿಯ ಕಾಟ ತಪ್ಪಿದ್ದಲ್ಲ.

ದಾವಣಗೆರೆಯಿಂದ ಹೊನ್ನಾಳಿಯ ಮೇಲೆ ಗಾಡಿಯನ್ನು ಮನೆಗೆ ತಂದ ಮಾರನೆಯ ದಿನವೇ, ಕಂಪನಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿಸಿದೆ. ಅಂದಿನಿಂದ ಎರಡು ವಾರಕ್ಕೊಮ್ಮೆ, ಬೆಳಿಗ್ಗೆ, ಅಂಗಳದ ಸಮ ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ಅಳತೆಯನ್ನು ತೋಟದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ಆಸ್ಪತ್ರೆಗೆ ಹೋಗುವಾಗ ಗಾಜನೂರು ಸಮೀಪಿಸಿದ ಮೇಲೆ ನೇರ ರಸ್ತೆಯಲ್ಲಿ ಆ ಸೂಚನೆ ಹತ್ತುತ್ತದೆ, ನಮ್ಮ ಮಣ್ಣಿನ ಹಾದಿಯಲ್ಲಿ ಒಮ್ಮೆಯೂ ಹತ್ತಿಲ್ಲ. ಮೊನ್ನೆಗೆ 2,100 ಕಿಲೋಮೀಟರ್ ಆಯಿತು. ಆಯಿಲ್ ಮೊದಲ ದಿನ ಬರೆದ ಗೆರೆಯಲ್ಲಿಯೇ ಇದೆ. 10,000 ಆದಾಗ ಪ್ಲಗ್ಗುಗಳನ್ನು ಇನ್ನೊಮ್ಮೆ ಬಿಚ್ಚಿ ಅದೇ ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡುವುದಾಗಿ ಮೆಕ್ಯಾನಿಕ್‌ಗೆ ಹೇಳಿದ್ದೇನೆ.